ಇಟ್ ಸೀಮ್ಸ್

ಬಲ್ಲಾರ್ಡ್ ಎಸ್ಟೇಟು, ಮೂರನೇ ಮಾಳಿಗೆ,
ಹಡಗು ಏಜೆಂಟರ ಕಚೇರಿ.
ಹನ್ನೊಂದು ಮೇಜು. ಭಾಷೆ ಇಂಗ್ಲಿಷ್ ಒಂದೇ
ಅಂತ ನೇಮಕದ ಕಾಗದದಲ್ಲಿ ಬರೆದಿತ್ತು.

ಪುಣೆಯ ಪೇಠೆ ಸಾಹೇಬರು
'ಐ ಆಮ್ ಹ್ಯಾವಿಂಗ್ ಟೂ ಡಾಟರ್ಸ್' ಅನ್ನುತ್ತಿದ್ದರು,
ಹುಟ್ಟಿ ಇಪ್ಪತ್ತು ವರ್ಷವಾದರೂ
ಇನ್ನೂ ಮುಗಿಯದ ಕೆಲಸವೆಂಬಂತೆ.
ಬಲಿಯಾದ ತಿವಾರಿ ತಾನೊಬ್ಬನೇ ತಡವಾಗಿ ಬಂದು
'ವಿ ಆರ್ ಲೇಟ್' ಅಂದರೆ
ನಾವು ಅವನ ಬೆನ್ನ ಹಿಂದೆ ಇಣುಕುತ್ತಿದ್ದೆವು.
ಕಪಾಡಿಯಾ ಫ್ಯಾನನ್ನು 'ಕ್ಲೋಸ್' ಮಾಡುತ್ತಿದ್ದ.
ವಿದ್ಯುತ್ತು ಕೈಕೊಟ್ಟರೆ ಅವರಿಗೆಲ್ಲ ಹೋಗುತ್ತಿದ್ದದ್ದು 'ಲೈಟ್',
ನನಗೂ ಪಾಲಕ್ಕಾಡಿನ ಶಂಕುಣ್ಣಿಗೂ 'ಕರೆಂಟ್'.
ಕತ್ತಲಲ್ಲಿ ನಾವಿಬ್ಬರೇ ಒಂದು ಪಕ್ಷ.

ಟೆಲೆಕ್ಸಿನ ಮುಂದೆ ಒಫೀಲಿಯಾ ನಜರೆತ್.
ಮ್ಯಾನೇಜರೋ ಚಹಾದ ಹುಡುಗನೋ
ಎಲ್ಲರೂ ಅವಳಿಗೆ 'ಮೆನ್'.
ಫೋನಿನಲ್ಲಿ ಹೆತ್ತ ತಾಯಿಗೂ: 'ಈಟ್ ನೋ, ಮೆನ್.'

ನಾನು
ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದು
ರಾತ್ರಿ ಶಾಲೆಯಲ್ಲಿ ಟೆನ್ಸು ಕಲಿತವನು.
ನೀರಲ್ಲಿ ಚಿರುಟಿದ ಬೆರಳಲ್ಲಿ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ.

ಒಂದು ಮಂಗಳವಾರ ಸಂಜೆ ಫೋನು.
ಒಂಬತ್ತು ದಿನದಿಂದ ಸುದ್ದಿಯಿಲ್ಲದ ಹಡಗು
ಮೊಂಬಾಸಾ ಮುಟ್ಟಿತ್ತು.
ಅದರ ಎಂಜಿನ್ ಕೋಣೆಯಲ್ಲಿ ಒಫೀಲಿಯಾಳ ತಮ್ಮ ಎಜಿಡಿಯೋ.
ಅವಳಾಗಲೇ ಲೋಕಲ್ಲಿಗೆ ಹೊರಟು ಕೆಳಗಿನ ಮೆಟ್ಟಿಲಲ್ಲಿ.
ಓಡಿಹೋಗಿ ಕಟಕಟೆಗೆ ಬಗ್ಗಿ ಕೂಗಿದೆ:
'ಶಿಪ್ ರೀಚ್ಡ್, ಇಟ್ ಸೀಮ್ಸ್!'
ತಲೆಯೆತ್ತಿ ನೋಡಿದಳು.
ನಾನು ನಗುತ್ತಿದ್ದೆ. ಅವಳು ನಗಲಿಲ್ಲ.

ಬುಧವಾರ ಮಾಹಿಮ್ ಇಗರ್ಜಿಯ ನೊವೇನಾ ಮುಗಿಸಿ ಬಂದಳು.
ಉಗುರ ಸಂದಿಯಲ್ಲಿ ಮೇಣ, ಕಣ್ಣು ಕೆಂಪು.
ಟೆಲೆಕ್ಸಿನ ಹಾಳೆ ಎರಡು ಸಲ ಓದಿದಳು.
ಆಮೇಲೆ ನೇರ ನನ್ನ ಮೇಜಿಗೆ:
'ರೀಚ್ಡ್ ಮೀನ್ಸ್ ರೀಚ್ಡ್, ಮೆನ್.
ವೈ ಯು ಪುಟ್ ಸೀಮ್ಸ್?
ಹೋಲ್ ನೈಟ್ ಐ ಸ್ಯಾಟ್ ವಿತ್ ಯುವರ್ ಸೀಮ್ಸ್.'

ಏನು ಹೇಳಲಿ.
ನಮ್ಮ ಕುಂದಾಪುರದ ಕಡೆ ಅಬ್ಬಿ
ತಾನು ಕಾಣದ್ದಕ್ಕೆಲ್ಲ ತುದಿಗೊಂದು 'ಅಂಬ್ರ್' ಬಿಗಿಯುತ್ತಿದ್ದಳು,
ನೆರೆಮನೆಯಿಂದ ತಂದ ಚೆಂಬಿಗೆ
ಗುರುತಿಗೆ ದಾರ ಕಟ್ಟಿಡುವ ಹಾಗೆ.
ಆಚೆಮನೆ ಎಮ್ಮಿ ಕರು ಹಾಕ್ತಂಬ್ರ್.
ದಿಲ್ಲಿಯಲ್ಲಿ ಯಾರೋ ದೊಡ್ಡವ್ರು ಸತ್ರಂಬ್ರ್.
ಅನುಮಾನವಲ್ಲ ಅದು. ಈ ಮಾತು ನನ್ನ ಮನೆಯದ್ದಲ್ಲ,
ತಂದದ್ದು, ಅಷ್ಟೆ.
ಮೊಂಬಾಸಾ ನಾನು ಕಂಡಿಲ್ಲವಲ್ಲ.
ಕಾಣದ ಹಡಗನ್ನು ಕಂಡವನ ಹಾಗೆ
ದಡಕ್ಕೆ ತಂದು ಕಟ್ಟುವುದು ಹೇಗೆ?
ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಹೋಗಿ
'ಸಾರಿ ಮೇಡಂ' ಅಂದೆ.

ಮರುವರ್ಷ ಊರಿಂದ ತಂತಿ.
ಪೇಠೆಯವರ ಮುಂದೆ ನಿಂತು ಹೇಳಿದೆ:
'ಮದರ್ ಎಕ್ಸ್‌ಪೈರ್ಡ್, ಇಟ್ ಸೀಮ್ಸ್, ಸರ್.'
ಕನ್ನಡಕ ತೆಗೆದು 'ಫಸ್ಟ್ ಕನ್‌ಫರ್ಮ್' ಅಂದರು,
ಕೆಟ್ಟ ಮನಸ್ಸಿನಿಂದಲ್ಲ.
ಟೆಲೆಕ್ಸಿನ ಕಟಕಟ ನಿಂತಿತು.
'ಕನ್‌ಫರ್ಮ್ಡ್ ಓನ್ಲಿ, ಸರ್.
ಹಿ ಹ್ಯಾಸ್ ನಾಟ್ ಸೀನ್, ನೋ, ದಟ್ಸ್ ವೈ.'
ಆ 'ಓನ್ಲಿ' ಶಂಕುಣ್ಣಿಯಿಂದ ಕಲಿತದ್ದು.
ಉಳಿದದ್ದನ್ನು ಅವಳಿಗೆ ಯಾರು ಹೇಳಿಕೊಟ್ಟರೋ,
ನಾನಂತೂ ಅಲ್ಲ.

ಈಗ ಅವಳು ಗೋವೆಯ ದಿವಾಡಿ ದ್ವೀಪದಲ್ಲಿ.
ಹೋದ ವಾರ ಕಾಗದ ಬಂತು.
ಫೆರಿ ಮತ್ತೆ ಕೆಟ್ಟಿದೆ. ಪಾವ್ ಮಾರುವವನ ಹಾರ್ನು
ಹಂದಿ ಕಿರುಚಿದ ಹಾಗಿದೆ. ಎಜಿಡಿಯೋ
ಬೇಲಿಯ ಹಲಸಿಗಾಗಿ ನೆರೆಯವನ ಮೇಲೆ ದಾವೆ ಹೂಡಿದ್ದಾನೆ.
ಹಾಳೆ ಸಾಲದೆ ಅಂಚಿನಲ್ಲಿ, ಓರೆಯಾಗಿ, ಕೊನೆಯ ಸಾಲು:
'ಐ ಆಮ್ ಕೀಪಿಂಗ್ ವೆಲ್, ಇಟ್ ಸೀಮ್ಸ್.'

ತನ್ನ ಬಗ್ಗೆ ತಾನೇ ಹೀಗನ್ನುವಂತಿಲ್ಲ.
ಅಬ್ಬಿ ಕೇಳಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.
ಕಲಿತದ್ದರಲ್ಲಿ ಸಣ್ಣ ತಪ್ಪು, ಇರಬೇಕು.
ಅಥವಾ ಇದೂ ಬೇರೆಯವರಿಂದ ತಂದ ಮಾತೋ?
ಯಾರಿಂದ? ಯಾವ ಡಾಕ್ಟರು,
ಯಾವ ರಿಪೋರ್ಟನ್ನು ಬೆಳಕಿಗೆ ಹಿಡಿದು ಹೇಳಿದ್ದು?

ರಾತ್ರಿ ಒಂದೂವರೆ.
ಡೊಂಬಿವಲಿಯಲ್ಲಿ ಲೈಟ್ ಹೋಗಿದೆ.
ಕಾಗದ ಕೈಯಲ್ಲಿದೆ, ಓದಲಾಗುತ್ತಿಲ್ಲ,
ಕೂತಿದ್ದೇನೆ.